ಹಾಲಲ್ಲಿ ಅರೆದ ಮಾತ್ರೆ

ಆಸ್ಪತ್ರೆಯ ಔಷಧಿ ಕೌಂಟರಿನ ಸಾಲಿನಲ್ಲಿ ನನ್ನ ಮುಂದೆ ಅತ್ತೆ, ಅಳಿಯ ಇಬ್ಬರು ನಿಂತಿದ್ದರು. ಅಳಿಯ ಚೀಟಿಯನ್ನು ಮಡಿಸುತ್ತ, ಬಿಡಿಸುತ್ತ ಇದ್ದರು.

“ಮೊದಲು ನನ್ನ ಮಗಳಿಗೆ ಹುಚ್ಚು ಅಂದ್ರು. ಈಗ ಅವಳ ಮೈಯೇ ಮೆದುಳಿನ ಮೇಲೆ ತಿರುಗಿಬಿದ್ದಿದೆ ಅಂತಾರೆ. ಮತ್ತೆ ಅದೇ ಹುಚ್ಚಿನ ಮಾತ್ರೆ ಯಾಕೆ, ಅಳಿಯಂದ್ರೇ?”

“ವಾಸಿ ಮಾಡೋದು ಡ್ರಿಪ್ಪು, ಅತ್ತೆ. ಮಾತ್ರೆ ಕೂಗಾಟ ತಗ್ಗಿಸೋಕಷ್ಟೇ. ಅದೂ ಅರ್ಧ. ಇನ್ನೆಷ್ಟು ಸಲ ಹೇಳ್ಲಿ?”

“ಅರ್ಧಕ್ಕೆ ಅವಳು ಜಗ್ಗಲಿಲ್ಲ. ಹೆತ್ತವಳನ್ನೇ ಯಾರು ನೀನು ಅಂದ್ಳು.”

“ಅದಕ್ಕೆ?”

“ನಿನ್ನೆ ನರ್ಸ್ ಆಚೆ ಹೋದಾಗ, ಮೊದಲು ಹುಚ್ಚು ಅಂತ ಕೊಟ್ಟಿದ್ರಲ್ಲ, ಆ ಹಳೇ ಮಾತ್ರೆ ಎರಡು ಹಾಲಲ್ಲಿ ಅರೆದು ಕೊಟ್ಟೆ.”

“ಕಾಫಿಗೆ ಸಕ್ಕರೆ ಹಾಕ್ದಂಗೆ ಹಾಕಿದ್ರಾ! ಬೆಳಗ್ಗೆಯಿಂದ ಅವಳು ಕೊರಡಿನ ಹಾಗೆ ಸೆಟೆದು, ಜ್ವರದಲ್ಲಿ ಬಿದ್ದಿದಾಳೆ. ಕಾಯಿಲೆ ಏರ್ತಿದೆ ಅಂತ ಡಾಕ್ಟರ್ ತಲೆ ಕೆಡಿಸ್ಕೊಂಡಿದಾರೆ.”

“ಹೇಳಿದ್ರೆ ನನ್ನನ್ನ ವಾರ್ಡಿಂದ ಆಚೆ ಹಾಕ್ತಾರೆ.”

“ಹಾಕ್ಲಿ! ಹೇಳದಿದ್ರೆ ಅವಳು ಉಳೀತಾಳಾ?”

ಅಷ್ಟರಲ್ಲಿ ಅವರ ಸರದಿ ಬಂತು. ಕೌಂಟರಿನವರು ಚೀಟಿಗೆ ಕೈ ಚಾಚಿದರು. ಅತ್ತೆ ಚೀಲದಿಂದ ಹಳೇ ಮಾತ್ರೆಯ ಸ್ಟ್ರಿಪ್ಪು ತೆಗೆದು ಮುಷ್ಟಿಯಲ್ಲಿ ಹಿಡಿದು, ಸಾಲು ಬಿಟ್ಟು ಹೊರಟರು.

“ಅತ್ತೆ, ಲಿಫ್ಟು ಈ ಕಡೆ!” ಎಂದು ಅಳಿಯ ಕೂಗಿದರು.

ಆಕೆ ಆಗಲೇ ವಾರ್ಡಿನ ಕಡೆಯ ಮೆಟ್ಟಿಲು ಹತ್ತುತ್ತಿದ್ದರು.