ಡ್ರ್ಯಾಗನ್ ಭಾಷೆ ಬಲ್ಲ ನಾಲ್ವರು

ಈ ಬೀಳ್ಕೊಡುಗೆ ಸಭೆಯ ಅಧ್ಯಕ್ಷರೂ, ನಮ್ಮ ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರೂ, ಮಾಚೇನಹಳ್ಳಿಯ ಎರಕದ ಕಾರ್ಖಾನೆಯ ಮಾಲೀಕರೂ ಆದ ಶ್ರೀ ಉಜ್ಜನಪ್ಪನವರೇ, ವೇದಿಕೆಯ ಮೇಲಿರುವ ಗಣ್ಯರೇ, ಮೂವತ್ತಮೂರು ವರ್ಷ ನನ್ನ ಜೊತೆ ಸ್ಟಾಫ್ ರೂಮಿನ ತಣ್ಣನೆಯ ಚಹಾ ಕುಡಿದ ಸಹೋದ್ಯೋಗಿಗಳೇ, ವಿದ್ಯಾರ್ಥಿಗಳೇ, ಊಟ ಎಷ್ಟು ಹೊತ್ತಿಗೆ ಎಂದು ಆಗಲೇ ಹಿಂತಿರುಗಿ ನೋಡುತ್ತಿರುವ ಸಭಿಕರೇ,

ಪ್ರಕಾಶ್ ಮೇಷ್ಟ್ರು ನನ್ನನ್ನು ಎಷ್ಟು ಹೊಗಳಿದರೆಂದರೆ, ಇದು ಯಾರ ವಿಷಯ ಎಂದು ನಾನೇ ಒಮ್ಮೆ ಪಕ್ಕಕ್ಕೆ ತಿರುಗಿ ನೋಡಿದೆ. ಎರಡು ಮಾತು ಆಡಿ ಎಂದಿದ್ದಾರೆ. ನನ್ನ ಮನೆಯವರು ಬೆಳಿಗ್ಗೆಯೇ ಎಚ್ಚರಿಸಿದ್ದಾರೆ: "ನಿಮ್ಮ ಎರಡು ಮಾತು ಅಂದ್ರೆ ಒಂದು ಪಿರಿಯಡ್ಡು ಮಾರಾಯ್ರೆ, ಜನ ಉಪವಾಸ ಕೂತ್ಕೋಬೇಕಾಗುತ್ತೆ." ಅವರ ಮಾತು ಇವತ್ತೂ ನಿಜವಾಗುತ್ತದೆ, ಕ್ಷಮಿಸಿ.

ಪ್ರಕಾಶರ ಪರಿಚಯದಲ್ಲಿ ಒಂದು ತಪ್ಪಿದೆ. ತಪ್ಪು ತಿದ್ದುವುದು ಕನ್ನಡ ಮೇಷ್ಟ್ರ ಹಳೇ ಚಟ. 'ಡ್ರ್ಯಾಗನ್ ಭಾಷೆಯನ್ನು ರಚಿಸಿದ ವೀರಪ್ಪ ಮೇಷ್ಟ್ರು' ಎಂದರು. ಇಲ್ಲ. ಅದನ್ನು ರಚಿಸಿದ್ದು ನಮ್ಮ ಅಧ್ಯಕ್ಷರ ಮಗಳು ಸಮತಾ. ತೊಂಬತ್ತೇಳರಲ್ಲಿ, ಹತ್ತನೇ ಕ್ಲಾಸಿನಲ್ಲಿದ್ದಾಗ. ನಾನು ಅದನ್ನು ಊರಿಗೆಲ್ಲ ಸಾರಿದವನು ಮಾತ್ರ.

ಒಂದು ದಿನ ಪ್ರಬಂಧದ ನೋಟ್‌ಬುಕ್ ಬದಲು ಇನ್ನೊಂದು ಪುಸ್ತಕ ಕೈತಪ್ಪಿ ನನ್ನ ಮೇಜಿಗೆ ಬಂತು. ಬಿಡಿಸಿದೆ. ವರ್ಣಮಾಲೆ, ಕ್ರಿಯಾಪದ, ಕಾಲ, ಎಲ್ಲ ಇದೆ. ಆದರೆ ಕನ್ನಡವಲ್ಲ. ಕರೆದು ಕೇಳಿದರೆ, "ಡ್ರ್ಯಾಗನ್‌ಗಳ ಭಾಷೆ ಸರ್, ಸುಮ್ನೆ ಬರೆದಿದ್ದು" ಎಂದಳು. ನನಗೆ ರೋಮಾಂಚನವಾಯಿತು. ಕೇಶಿರಾಜನ ಸೂತ್ರಗಳನ್ನು ಕೇಳಿ ಆಕಳಿಸುವ ಮಕ್ಕಳ ನಡುವೆ ತಾನೇ ವ್ಯಾಕರಣ ಕಟ್ಟುವ ಒಂದು ಮಗು! ಯಾವ ಮೇಷ್ಟ್ರಿಗೆ ತಲೆ ತಿರುಗುವುದಿಲ್ಲ ಹೇಳಿ?

ಆ ಭಾಷೆಯಲ್ಲಿ ಪ, ಬ, ಮ ಇಲ್ಲ. ಬಾಯಲ್ಲಿ ಬೆಂಕಿ ಇರುವ ಪ್ರಾಣಿ ತುಟಿ ಮುಚ್ಚುವಂತಿಲ್ಲ ನೋಡಿ. ಶ, ಷ, ಸ, ಹ ಧಾರಾಳವಾಗಿವೆ. ನಮ್ಮ ವ್ಯಾಕರಣದಲ್ಲೂ ಇವಕ್ಕೆ ಊಷ್ಮಾಕ್ಷರ ಎಂದೇ ಹೆಸರು, ಊಷ್ಮ ಎಂದರೆ ಬಿಸಿ. ಹುಡುಗಿಯ ಜಾಣತನಕ್ಕೆ ಬೆನ್ನು ತಟ್ಟಿದೆ. "ಹಾಗಾದ್ರೆ ಡ್ರ್ಯಾಗನ್ ಮರಿ ಅಮ್ಮ ಅನ್ನೋದು ಹೇಗಮ್ಮ?" ಎಂದು ಕೇಳಿದೆ. "ಅಮ್ಮನ್ನ ಕರೆಯೋದಿಲ್ಲ ಸರ್. ಕರೆದ್ರೆ ಅವಳು ಎಲ್ಲಿದಾಳೆ ಅಂತ ಗೊತ್ತಾಗಿಬಿಡುತ್ತೆ" ಎಂದಳು. ನಾನು ಎಷ್ಟು ಚೆನ್ನಾದ ಕಲ್ಪನೆ ಎಂದುಕೊಂಡೆ.

ಆ ಭಾಷೆಯನ್ನು ಉಸಿರು ಒಳಗೆ ಎಳೆದುಕೊಂಡೇ ಆಡಬೇಕು. ಹೊರಗೆ ಬಿಟ್ಟು ಆಡಿದರೆ ಕೇಳುವವರು ಸುಟ್ಟುಹೋಗುತ್ತಾರಂತೆ. ನೀವೂ ಮಾಡಿ ನೋಡಿ, ಹಾಗೆ ಆಡಿದ ಮಾತಿನಲ್ಲಿ ಗಂಡು ಹೆಣ್ಣು, ದೊಡ್ಡವರು ಚಿಕ್ಕವರು ಎಂಬ ವ್ಯತ್ಯಾಸವೇ ತಿಳಿಯುವುದಿಲ್ಲ. ಎಲ್ಲರದೂ ಒಂದೇ ದನಿ. ನಮ್ಮಲ್ಲಿ ಕೊನೆಗೆ ಬರುವ ಕ್ರಿಯಾಪದ ಅಲ್ಲಿ ಮೊದಲು ಬರುತ್ತದೆ. ಯಾಕೆ ಎಂದರೆ, "ಪೂರ್ತಿ ಕೇಳೋಷ್ಟು ಟೈಮ್ ಇರಲ್ಲ ಸರ್" ಎಂದಳು. 'ಷಿರ್ ಹಾಸ ತೆಕ್ಷ': ಹೊರಡು, ಹಿಂದಿನ ದಾರಿ, ಬಿಸಿ ಬರುತ್ತಿದೆ. ಇರುವುದು ಎರಡೇ ಕಾಲ. ಒಂದು, ಬರುತ್ತಿದೆ. ಇನ್ನೊಂದು, ಇವತ್ತಿಗೆ ಮುಗಿಯಿತು. ಅದಕ್ಕೆ 'ಷೇ ಖಾಸ' ಎನ್ನಬೇಕು.

ಸಭಿಕರೇ, ನಿಮಗೆ ಈಗಲೇ ಅರ್ಥವಾಗಿರಬಹುದು. ನನಗೆ ಆಗಲಿಲ್ಲ. ಮೂವತ್ತಮೂರು ವರ್ಷ ಅರ್ಥ ಬರೆಸಿದವನಿಗೆ ಅರ್ಥವಾಗಲಿಲ್ಲ.

ಆ ವರ್ಷದ ವಾರ್ಷಿಕೋತ್ಸವದಲ್ಲಿ ಅವಳನ್ನು ವೇದಿಕೆಗೆ ಕರೆದೆ. "ಸ್ಟೇಜ್ ಮೇಲೆ ಬೇಡ ಸರ್, ದಮ್ಮಯ್ಯ ಅಂತೀನಿ" ಎಂದು ಹಿಂದಿನ ದಿನವೇ ಬೇಡಿಕೊಂಡಿದ್ದಳು. ನಾಚಿಕೆ ಎಂದು ತಿಳಿದೆ. ಒಂದೊಂದು ವಾಕ್ಯವನ್ನೂ ಅರ್ಥಸಹಿತ ವಿವರಿಸಿದೆ, ಜನ ಚಪ್ಪಾಳೆ ತಟ್ಟಿದರು, ಪತ್ರಿಕೆಯಲ್ಲಿ ನನ್ನ ಫೋಟೋ ಬಂತು. ಅವಳ ತಾಯಿ ಹುಲಿಗೆಮ್ಮನವರು ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದರು.

ಮರುವಾರ ಉಜ್ಜನಪ್ಪನವರು ಫೋನ್ ಮಾಡಿದರು. "ಮೇಷ್ಟ್ರೇ, ಮಗಳ ಭಾಷೆ ಅಪ್ಪನಿಗೇ ಬರಲ್ಲ ಅಂದ್ರೆ ಹೇಗೆ? ಸ್ವಲ್ಪ ಹೇಳ್ಕೊಡಿ." ಇಷ್ಟು ದೊಡ್ಡ ಮನುಷ್ಯ, ಎಷ್ಟು ಮಮತೆ! ರವೀಂದ್ರನಗರದ ಅವರ ಮನೆಗೆ ಮೂರು ಸಂಜೆ ಹೋದೆ. ಶ್ರದ್ಧೆಯ ವಿದ್ಯಾರ್ಥಿ, ಉಚ್ಚಾರಣೆ ಬೇಗ ಹತ್ತಿತು. ಹುಲಿಗೆಮ್ಮನವರು ಕಾಫಿ ತಂದಿಟ್ಟು, ನಮ್ಮ ಪಾಠ ಕಿವಿಗೆ ಬಿದ್ದೊಡನೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮೂರನೇ ಸಂಜೆ ಸಮತಾ ಬಾಗಿಲ ಬಳಿ ನಿಂತು, ಉಸಿರೆಳೆದುಕೊಂಡು ನನಗೆ ಏನೋ ಹೇಳಿದಳು. ಆಮೇಲೆ ಬಿಡಿಸಿಕೊಂಡಾಗ ಗೊತ್ತಾಯಿತು: ನಿಲ್ಲಿಸಿ, ಈ ದಾರಿ ತೋರಿಸಬೇಡಿ. ಆ ಹೊತ್ತಿಗೆ ನಾನು ಮಾಡಿದ್ದೇನು ಗೊತ್ತೇ? "ಭೇಷ್, ಸ್ಪಷ್ಟವಾಗಿದೆ" ಎಂದೆ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಇನ್ನು ಸ್ವಲ್ಪವೇ ಇದೆ.

ತೊಂಬತ್ತೆಂಟರ ಮಾರ್ಚ್, ಒಂದು ಭಾನುವಾರ ಮಧ್ಯಾಹ್ನ. ಹುಲಿಗೆಮ್ಮನವರು ಹಿತ್ತಲ ಬಾಗಿಲಿನಿಂದ ಹಿಂದಿನ ಮನೆಯ ಹಫೀಜಾ ಅವರಲ್ಲಿಗೆ ಹೋಗಿ ಕುಳಿತಿದ್ದರು. ಮೈಮೇಲೆ ಬರೆಗಳಿದ್ದ ದಿನಗಳಲ್ಲಿ ಅವರು ಅಲ್ಲಿಯೇ ಕೂರುತ್ತಿದ್ದದ್ದು. ಗೋಡೆಯಾಚೆಯಿಂದ ಉಸಿರಿನ ದನಿಯೊಂದು ಕೇಳಿತು: ಷೇ ಖಾಸ. ಇವತ್ತಿಗೆ ಮುಗಿಯಿತು. "ನನ್ನ ಮಗಳು ಕರೀತಿದಾಳೆ, ಬರ್ತೀನಿ ಕಣ್ರೀ" ಎಂದು ಎದ್ದು ಹೋದರಂತೆ, ಹಫೀಜಾ ಅವರೇ ಆಮೇಲೆ ಸಮತಾಗೆ ಹೇಳಿದ್ದು. ಅರ್ಧ ಗಂಟೆಯ ಮೇಲೆ ಅಡುಗೆಮನೆಯಿಂದ ಹೊಗೆ ಬಂತು. ಸ್ಟೋವ್ ಸಿಡಿಯಿತು ಎಂದು ಕಾಗದದಲ್ಲಿ ಬರೆದರು.

ಆ ಹೊತ್ತಿನಲ್ಲಿ ಸಮತಾ ಎಲ್ಲಿದ್ದಳು? ಶಾಲೆಯಲ್ಲಿದ್ದಳು. ನನ್ನದೇ ಸ್ಪೆಷಲ್ ಕ್ಲಾಸಿನಲ್ಲಿ, ಎರಡನೇ ಬೆಂಚಿನಲ್ಲಿ, ನನ್ನ ಕಣ್ಣೆದುರಿಗೇ ಕುಳಿತು ಸಮಾಸ ಬಿಡಿಸುತ್ತಿದ್ದಳು. ಭೂಮಿಯ ಮೇಲೆ ಆ ಭಾಷೆ ಆಡಬಲ್ಲವರು ನಾಲ್ಕು ಜನ. ಅಮ್ಮ ಗೋಡೆಯ ಆಚೆ. ಮಗಳು ಮತ್ತು ನಾನು ಕ್ಲಾಸಿನಲ್ಲಿ. ಲೆಕ್ಕದಲ್ಲಿ ನಾನು ದಡ್ಡನೇ ಇರಬಹುದು, ಆದರೆ ನಾಲ್ಕರಲ್ಲಿ ಮೂರು ಕಳೆಯಲು ಬರದಷ್ಟು ದಡ್ಡನೇ?

ಹುಡುಗಿ ಪೊಲೀಸರಿಗೆ ಎಲ್ಲ ಹೇಳಿದಳು. ಡ್ರ್ಯಾಗನ್ ಭಾಷೆ ಎಂದರೆ ಯಾರು ನಂಬುತ್ತಾರೆ? ಇನ್‌ಸ್ಪೆಕ್ಟರು ನನ್ನನ್ನು ಕರೆಸಿದರು. "ನೀವು ಅವಳ ಮೇಷ್ಟ್ರು. ಹುಡುಗಿ ಮಾತು ನಂಬಬಹುದಾ?" ಎಂದರು. ಬೆಂಚಿನ ಇನ್ನೊಂದು ತುದಿಯಲ್ಲಿ ಉಜ್ಜನಪ್ಪನವರು ಕರವಸ್ತ್ರ ಹಿಡಿದು ಕುಳಿತಿದ್ದರು. ನಾನು ಹೇಳಿದೆ: "ಒಳ್ಳೆ ಹುಡುಗಿ ಸಾರ್. ಆದ್ರೆ ಅವಳಿಗೆ ಕಲ್ಪನೆ ಸ್ವಲ್ಪ ಜಾಸ್ತಿ." ಅದನ್ನು ಬರೆದುಕೊಂಡರು, ನಾನು ಸಹಿ ಹಾಕಿದೆ. ಜೂನ್‌ನಲ್ಲಿ ನಾನು ಹೆಡ್‌ಮಾಸ್ಟರಾದೆ. ಎರಡು ವರ್ಷದಲ್ಲಿ ಈ ಸಭಾಂಗಣ ಎದ್ದಿತು, ಹೊರಗೆ ಬೋರ್ಡ್ ಓದಿದ್ದೀರಿ, 'ಹುಲಿಗೆಮ್ಮ ಸ್ಮಾರಕ ಭವನ'.

ಸಮತಾ ಈಗ ಭದ್ರಾವತಿಯಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಒಂದು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಹೋದ ವಾರ ಆಮಂತ್ರಣ ಪತ್ರಿಕೆ ಹಿಡಿದುಕೊಂಡು ಹೋಗಿದ್ದೆ. ಎಂಟು ವರ್ಷದ ಮೇಲೆ. ಕ್ಷಮೆ ಕೇಳಬೇಕೆಂದು ಹೋದವನು ಪತ್ರಿಕೆ ಮುಂದೆ ಚಾಚಿದೆ. ಅವಳು ಪತ್ರಿಕೆಯಲ್ಲಿ ಅಧ್ಯಕ್ಷರ ಹೆಸರು ಓದಿದಳು. ಗಿರಾಕಿಗೆ ಚಿಲ್ಲರೆ ಕೊಟ್ಟಳು. ಆಮೇಲೆ ಒಂದೇ ಮಾತು ಕೇಳಿದಳು: "ಅವತ್ತು ನಿಮಗೆ ಮೈಕ್ ಕೊಡ್ತಾರಾ ಸರ್?"

ಕೊಟ್ಟಿದ್ದಾರೆ. ಪ್ರಕಾಶ್, ಮೈಕಿನ ವೈರಿನ ಹತ್ತಿರ ಹೋಗಬೇಡಿ, ದಯವಿಟ್ಟು ಕೂತ್ಕೊಳ್ಳಿ. ಉಜ್ಜನಪ್ಪನವರೇ, ತಾವೂ ಕೂತ್ಕೊಳ್ಳಿ.

ಆ ಹುಡುಗಿಯ ಮಾತಿನಲ್ಲಿ ಕಲ್ಪನೆ ಇರಲಿಲ್ಲ. ಒಂದು ಅಕ್ಷರವೂ ಸುಳ್ಳಲ್ಲ. ಸುಳ್ಳು ಹೇಳಿದವನು ನಾನು, ತಿಳಿದೂ ತಿಳಿದೂ ಹೇಳಿದೆ. ಇವತ್ತು ಬೆಳಿಗ್ಗೆ ಠಾಣೆಗೆ ಹೋಗಿ ಹಳೆಯ ಹೇಳಿಕೆ ತಪ್ಪೆಂದು ಬರೆದುಕೊಟ್ಟು ಬಂದಿದ್ದೇನೆ. ಅದರಿಂದ ಏನಾಗುತ್ತದೋ ಗೊತ್ತಿಲ್ಲ. ನನಗೆ ಭಯವಾಗುತ್ತಿದೆ, ಇದನ್ನೂ ಹೇಳಿಬಿಡುತ್ತೇನೆ. ಈ ಶಾಲು, ಈ ಹಾರ ಮೇಜಿನ ಮೇಲೆಯೇ ಇರಲಿ, ಅವರ ಕೈಯಿಂದ ನಾನು ತೆಗೆದುಕೊಳ್ಳಲಾರೆ.

ಹಸಿದ ಹೊಟ್ಟೆಯಲ್ಲಿ ಇಷ್ಟು ಹೊತ್ತು ಕುಳಿತವರಿಗೆಲ್ಲ ಕೃತಜ್ಞತೆಗಳು. ಒಬ್ಬಳು ಹದಿನೈದರ ಹುಡುಗಿ ಇದನ್ನೇ ಹೇಳಿದಾಗ ಯಾರೂ ಕೇಳಲಿಲ್ಲ, ಅರವತ್ತರ ಗಂಡಸು ಹೇಳಿದರೆ ಎದ್ದು ಹೋಗದೆ ಕೇಳಿದಿರಿ. ಹೊರಗೆ ಹೋದ ಮೇಲೆ ಯಾರಾದರೂ ವಿಚಾರಿಸಿದರೆ, ವೀರಪ್ಪ ಮೇಷ್ಟ್ರಿಗೆ ಕಲ್ಪನೆ ಜಾಸ್ತಿ ಎಂದು ಮಾತ್ರ ಹೇಳಬೇಡಿ. ನಮಸ್ಕಾರ.