ಗಾಲಿಮನೆಯ ಕೀಲಿ

ಗಂಗಾವತಿ ಬಸ್ ನಿಲ್ದಾಣದ ಹೊರಗೆ ಕಾಯುತ್ತ ನಿಂತಿದ್ದೆ. ತಗಡಿನ ಗಾಲಿಮನೆಯೊಂದನ್ನು ಎಳೆದುಕೊಂಡು ಟ್ರ್ಯಾಕ್ಟರು ಬಂದು ನಿಂತಿತು. ‘ಗಾದಿ ಹೊಲಿದು ಕೊಡಲಾಗುವುದು’ ಎಂದು ಅದರ ಮೇಲೆ ಬರೆದಿತ್ತು. ಒಳಗಿನಿಂದ ಯಾರೋ ಬಾಗಿಲು ಬಡಿಯುತ್ತಿದ್ದರು. ಟ್ರ್ಯಾಕ್ಟರು ಓಡಿಸುತ್ತಿದ್ದ, ಅರವತ್ತು ದಾಟಿದ ಗಂಡ ಇಳಿದು ಹೊರಗಿನ ಬೀಗ ತೆಗೆದ. ಒಳಗಿದ್ದ ಹೆಂಡತಿ ಹೊಸ್ತಿಲಲ್ಲೇ ಕೂತಳು.

“ಹೊರಗ ಕೀಲಿ ಹಾಕಿ ನನ್ನ ಎಳಕೊಂಡು ಬಂದೀರಲ್ಲ, ನಾ ಏನು ಹತ್ತಿ ಗಂಟೇನು?”

“ಹೋದ ಸಲ ಗಾಡಿ ತಗ್ಗಿನ್ಯಾಗ ಇಳದಾಗ ಬಾಗ್ಲಾ ತೆರಕೊಂಡು ನೀ ಬಿದ್ದಿಲ್ಲೇನು, ಹುಸೇನಬೀ? ಅಂಜಿಕಿ ನನಗ.”

“ಒಳಗ ಗ್ಯಾಸ್ ಐತಿ, ಹತ್ತಿ ಐತಿ. ಬೆಂಕಿ ಹತ್ತಿದ್ರ ನಾ ಹೆಂಗ ಹೊರಗ ಬರ್ಲಿ? ಟ್ರ್ಯಾಕ್ಟರ್ ಸಪ್ಪಳದಾಗ ನಾ ಒದರಿದ್ದು ನಿಮಗ ಕೇಳ್ತೈತೇನು?”

ಅವನು ಬೀಗವನ್ನು ಕೈಯಲ್ಲೇ ತಿರುಗಿಸುತ್ತ ನಿಂತ.

“ಅದು ನನಗ ಹೊಳೀಲೇ ಇಲ್ಲ. ಒಳಗೊಂದು ಚಿಲಕ ಹಾಕಸ್ತೀನಿ.”

“ಚಿಲಕ ಹಾಕಿಸಿದ್ರೂ ಓಡೋ ಗಾಡ್ಯಾಗ ಇನ್ನ ನಾ ಕುಂಡ್ರಂಗಿಲ್ಲ. ಖಾಲಿ ಮನಿಗಿ ಕೀಲಿ ಹಾಕ್ರಿ, ಸಾಮಾನು ಬೀಳಂಗಿಲ್ಲ. ನಾ ಬಸ್ಸಿಗಿ ಬರ್ತೀನಿ.”

“ಒಬ್ಬಾಕೀನ?”

“ಕುಷ್ಟಗಿ ಏನು ಮಕ್ಕಾ ಅಲ್ಲ. ಹೆಂಗಸರಿಗಿ ಟಿಕೀಟು ಸೈತ ಬಿಟ್ಟಿ.”

“ಮೂವತ್ತು ವರ್ಷದಾಗ ಒಂದ್ ಊರಿಗೂ ನಿನ್ನ ಬಿಟ್ಟು ಹೋಗಿಲ್ಲ ನಾ.”

“ಈಗೂ ಬಿಟ್ಟು ಹೋಗಬ್ಯಾಡ್ರಿ. ಬಸ್ಸಿನ ಹಿಂದ ಬರ್ರಿ.”

ಕುಷ್ಟಗಿ ಬಸ್ಸು ಬಂತು. ಅವನು ಅವಳ ತೋಳು ಹಿಡಿದು ಹತ್ತಿಸಿದ. ಬಾಗಿಲಲ್ಲಿದ್ದ ಕಂಡಕ್ಟರ್ ಮುಂದಿನ ಸೀಟು ತೋರಿಸಿದ.

“ಬ್ಯಾಡ್ರಿ ಸಾಹೇಬ್ರ, ಹಿಂದಿನ ಕಿಟಕಿ ಹಂತ್ಯಾಕ ಕುಂಡ್ರತೀನಿ. ಅವ್ರು ಕಾಣಬೇಕು ನನಗ,” ಎಂದಳು.

ಬಸ್ಸು ಹೊರಟಿತು. ಟ್ರ್ಯಾಕ್ಟರು ಅದರ ಹಿಂದೆಯೇ ಹೊರಟಿತು.