ಗೂಡಲ್ಲ, ವಜ್ರ

ಶಿಡ್ಲಘಟ್ಟದ ಬಸ್ ನಿಲ್ದಾಣದಲ್ಲಿ ಅಕ್ಕಯ್ಯಮ್ಮನ ಪಕ್ಕ ಒಬ್ಬ ಅಪ್ಪ, ಮಗಳು ಕೂತಿದ್ದರು. ನಿಶ್ಚಿತಾರ್ಥಕ್ಕೆ ಹುಡುಗ ನರೇಂದ್ರ ತೊಡಿಸಿದ್ದ ವಜ್ರದುಂಗುರವನ್ನು ಮಗಳ ಕೈಯಿಂದ ಬಿಚ್ಚಿಸಿಕೊಂಡ ಅಪ್ಪ, ರೇಷ್ಮೆಗೂಡಿನೊಳಗೆ ಹುಳ ಸದ್ದು ಮಾಡುತ್ತದೆಯೇ ಎಂದು ನೋಡುವವನಂತೆ ಕಿವಿಯ ಬಳಿ ಅಲ್ಲಾಡಿಸಿದ. ಬಸ್ಸು ತಡವಾಗಿಯೇ ಬರಲಿ ಎಂದುಕೊಂಡಳು ಅಕ್ಕಯ್ಯಮ್ಮ.

“ಒಳಗೇನೂ ಇಲ್ಲ ಕಣಮ್ಮ.”

“ಅಪ್ಪ, ಅದು ವಜ್ರ. ಗೂಡಲ್ಲ.”

“ಮಾರಿದ್ರೆ ಎಷ್ಟು ಬರ್ತೈತೆ?”

“ಅಂಗಡಿಯೋರು ಅರ್ಧ ರೇಟಿಗೆ ವಾಪಸ್ ತಗೋತಾರಂತೆ.”

“ಮೊನ್ನೆ ತಾನೇ ತಂದಿದ್ದು! ನಮ್ಮ ಗೂಡಿನ ರೇಟೂ ಇಷ್ಟು ಬೇಗ ಇಳಿಯಲ್ಲ.”

“ಪ್ರೀತಿಗೆ ಬೆಲೆ ಕಟ್ಟಕ್ಕಾಗಲ್ಲ ಅಂತ ನರೇಂದ್ರ ಹೇಳಿದ್ರು.”

“ಹೌದಾ? ಮತ್ತೆ ಬಿಲ್ ಯಾಕೆ ನನ್ನ ವಾಟ್ಸಾಪಿಗೆ ಕಳ್ಸಿದ್ರು?”

ಚಿಕ್ಕಬಳ್ಳಾಪುರದ ಬಸ್ಸು ಬಂತು. ಉಂಗುರ ವಾಪಸ್ ಕೊಟ್ಟು ಅಪ್ಪ ಸೀಟು ಹಿಡಿಯಲು ನುಗ್ಗಿದ. ಹತ್ತುವ ಮೊದಲು ಮಗಳು ಆಚೀಚೆ ನೋಡಿ, ಉಂಗುರವನ್ನು ತನ್ನ ಕಿವಿಯ ಬಳಿ ಹಿಡಿದು ಒಮ್ಮೆ ಅಲ್ಲಾಡಿಸಿದಳು.